ಹತ್ತರಿಂದ ಎರಡರವರೆಗೆ

ತಾಹಿರಜ್ಜನ ಮನೆಯ ಓಣಿ ಹತ್ತುತ್ತ ಇಲ್ಮಿ, ಸಾವಿನ ಮನೆಯಲ್ಲಿ ಹೇಳಬೇಕಾದ ಮಾತನ್ನು ಬಾಯೊಳಗೇ ಹೊರಳಿಸಿ ನೋಡಿದ. 'ನಿಮ್ಮ ತಲೆ ಗಟ್ಟಿಯಾಗಿರಲಿ.' ಮೂರೇ ಮಾತು. ಅದಕ್ಕೆ ಮನೆಯವರು 'ನಿಮ್ಮದೂ ಗಟ್ಟಿಯಾಗಿರಲಿ' ಅನ್ನುತ್ತಾರೆ, ಕೂರಲು ಜಾಗ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು. ಇದನ್ನು ಅವನು ಎಷ್ಟು ಮನೆಗಳಲ್ಲಿ ಹೇಳಿದ್ದನೋ. ಯುದ್ಧ ಮುಗಿದ ಬೇಸಿಗೆಯಲ್ಲಂತೂ ದಿನಕ್ಕೆ ಎರಡೆರಡು ಮನೆ. ಈಗ ತನ್ನ ದನಿಯಲ್ಲಿ ಹೇಳಿದರೆ ಅದು ವಾರ್ತೆಯಂತೆ ಕೇಳಿಸಿತು, ಇದರ ಹಿಂದೆಯೇ ಹವಾಮಾನ ಬರಬೇಕು ಅನ್ನುವ ಹಾಗೆ. ಸೋದರಮಾವನ ಗೊಗ್ಗರು ದನಿಯಲ್ಲಿ ಹೇಳಿ ನೋಡಿದ, ವಾಸಿ. ಕೆಳಗಿನ ಮಸೀದಿಯ ಇಮಾಮರ ಹಾಗೆ ಪ್ರತಿ ಪದವನ್ನೂ ಮೂಗಿಗೆ ಹತ್ತಿಸಿ ಇಳಿಸಿ ನೋಡಿದ, ಇನ್ನೂ ವಾಸಿ. ಬೇರೆಯವರ ದನಿಯಲ್ಲಿ ಅವನಿಗೆ ದುಃಖ ಚೆನ್ನಾಗಿ ಬರುತ್ತಿತ್ತು. ಒಂದು ಕಂಕುಳಲ್ಲಿ ಎರಡು ಕಿಲೋ ಸಕ್ಕರೆ, ಇನ್ನೊಂದರಲ್ಲಿ ಕಾಫಿಪುಡಿಯ ಪೊಟ್ಟಣ, ಕಾಲಡಿಯಲ್ಲಿ ಒಲೆಯ ಬೂದಿ ಚೆಲ್ಲಿದ ಮಂಜುಗಡ್ಡೆ. ಜಾರಿ ಬಿದ್ದರೆ ಯಾರ ದನಿಯಲ್ಲಿ ಕೂಗುತ್ತೇನೋ ಎಂದುಕೊಂಡ.

ಅವನ ದನಿ ಅವನದಾಗಿ ಉಳಿದಿರಲಿಲ್ಲ. ಪ್ರಿಸ್ಟಿನಾದಲ್ಲಿ ಸಂಜೆ ಆರಕ್ಕೆ ರೇಡಿಯೋ ಹಾಕಿದರೆ, ಯುದ್ಧ ಮುಗಿದ ನಾಡನ್ನು ಆಳಲು ಬಂದ ನಲವತ್ತು ದೇಶದವರು ಏನು ಮಾಡಿದೆವು, ಏನು ಮಾಡಲಿದ್ದೇವೆ, ಏನು ಆಗಲಿಲ್ಲ ಎಂದು ಜನಕ್ಕೆ ವರದಿ ಒಪ್ಪಿಸುವ ಹದಿನೈದು ನಿಮಿಷವಿತ್ತು. ಅದರ ಅಲ್ಬೇನಿಯನ್ ಮಾತು ಇಲ್ಮಿಯದು. ನೀರು ಯಾವಾಗ, ಕಾರಿಗೆ ಹೊಸ ನಂಬರು ಎಲ್ಲಿ, ಯಾವ ಹೊಲದ ನೆಲಬಾಂಬು ತೆಗೆದಾಯಿತು, ಯಾವುದರದ್ದು ತೆಗೆದಿಲ್ಲ. ಕೊನೆಗೆ ಮರುದಿನದ ಕರೆಂಟು: ಒಂದನೇ ಗುಂಪು, ಎರಡನೇ ಗುಂಪು, ಮೂರನೇ ಗುಂಪು, ಯಾರಿಗೆ ಎಷ್ಟರಿಂದ ಎಷ್ಟರವರೆಗೆ ಇಲ್ಲ. ಮೊದಲ ಹದಿಮೂರು ನಿಮಿಷ ಈರುಳ್ಳಿ ಹೆಚ್ಚಿಕೊಂಡಿದ್ದ ಜನ ಈ ಕೊನೆಯ ಎರಡಕ್ಕೆ ಚಾಕು ಕೆಳಗಿಡುತ್ತಿದ್ದರು. ಓದುವುದೆಲ್ಲ ತಿಳಿಸಲಾಗಿದೆ, ಕೋರಲಾಗಿದೆ, ವಿಷಾದಿಸಲಾಗಿದೆ; ಮಾಡಿದವರು ಯಾರೂ ಇಲ್ಲ. ಆದರೆ ಬೈಯಲು ಜನಕ್ಕೆ ಒಬ್ಬ ಬೇಕಲ್ಲ. ಬ್ರೆಡ್ಡಿನ ಸಾಲಿನಲ್ಲಿ ನಿಂತರೆ ಬೇಕರಿಯ ಸೆಫೆರ್, "ಬಂದ್ರಪ್ಪ ಕತ್ತಲೆರಾಯರು. ನಿನ್ನೆ ಆರಕ್ಕೆ ಆರಿಸಿದೋರು ಎಂಟಕ್ಕೆ ಹಚ್ತೀನಿ ಅಂದಿದ್ರಲ್ಲ ಸ್ವಾಮಿ, ಒಂಬತ್ತಾದ್ರೂ ಮನಸ್ಸು ಬರ್ಲಿಲ್ವಾ?" ಅನ್ನುತ್ತಿದ್ದ. "ಮನಸ್ಸು ಬಂತು, ಬೆಂಕಿಪೊಟ್ಟಣ ಸಿಗ್ಲಿಲ್ಲ," ಎಂದು ಇವನು ಸೆಫೆರನದೇ ಕೀಚಲು ದನಿಯಲ್ಲಿ ಹೇಳಿದರೆ ಸಾಲೆಲ್ಲ ನಗು. ನಗಿಸಿದವನಿಗೆ ಹೊಡೆಯುವುದಿಲ್ಲ ಎಂಬುದನ್ನು ಅವನು ಕಲಿತಿದ್ದ. ಯುದ್ಧದ ಆ ವಸಂತದಲ್ಲಿ, ಊರು ಬಿಟ್ಟು ಓಡುವ ಗಡಿಯ ದಾರಿಯಲ್ಲಿ, ಟ್ರ್ಯಾಕ್ಟರಿನ ಮೇಲೆ ಅಪ್ಪ, ಅಮ್ಮ, ಅಕ್ಕನ ಮಕ್ಕಳು ಕೂತಿದ್ದಾಗ ಪೊಲೀಸನೊಬ್ಬ ಇವನನ್ನು ಕೆಳಗಿಳಿಸಿ ನಿನಗೇನು ಬರುತ್ತದೆ ಎಂದು ಕೇಳಿದ್ದ. ಇವನು ಹುಂಜನಂತೆ ಕೂಗಿದ, ಮೊಟ್ಟೆಯಿಟ್ಟ ಕೋಳಿಯಂತೆ ಕೊಕ್ಕರಿಸಿದ, ಕೊನೆಗೆ ಆ ಪೊಲೀಸನ ಮೇಲಧಿಕಾರಿ ಬೈಯುವ ಹಾಗೆ ಬೈದ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು ದಾರಿ ಬಿಟ್ಟರು. ಗಡಿ ದಾಟುವವರೆಗೆ ಅಪ್ಪ ಅವನ ಮುಖ ನೋಡಲಿಲ್ಲ. ದಾಟಿದ ಮೇಲೂ.

ಈ ಮಂಗಳವಾರವೂ ನಗಿಸುತ್ತಿದ್ದ. ಸ್ಟುಡಿಯೋದ ಗಾಜಿನ ಆಚೆ ಧ್ವನಿಯಂತ್ರದ ಬೆಕಿಮ್, ಈಚೆ ಇವನು, ಆರಕ್ಕೆ ಇನ್ನು ಎರಡು ನಿಮಿಷ. ಆಡಳಿತದ ವಕ್ತಾರ ಹಾಲ್ವೊರ್ಸೆನ್ ನಾರ್ವೆಯವರು, ಒಳ್ಳೆಯ ಮನುಷ್ಯ. ಅವರ ಕಡೆಯ ರೂಢಿಯಂತೆ 'ಹೌದು' ಅನ್ನುವಾಗ ಉಸಿರನ್ನು ಹೊರಗೆ ಬಿಡದೆ ಒಳಕ್ಕೆ ಎಳೆದುಕೊಳ್ಳುತ್ತಿದ್ದರು, ಬಿಸಿ ಸಾರು ಹೀರಿದ ಹಾಗೆ. ಪತ್ರಕರ್ತರು ನೀರು ಬರುತ್ತದೆಯೇ ಎಂದರೆ, ಹ್ಹಾಂ. ಈ ವರ್ಷವೇ ಎಂದರೆ, ಹ್ಹಾಂ. ಭರವಸೆ ಕೊಟ್ಟ ಹಾಗೂ ಆಯಿತು, ಅದನ್ನು ಬಾಯೊಳಗೇ ವಾಪಸು ತೆಗೆದುಕೊಂಡ ಹಾಗೂ ಆಯಿತು. ಇಲ್ಮಿ ಆ ಹ್ಹಾಂ ಅನ್ನು ಒಂದರ ಮೇಲೊಂದು ಎಳೆಯುತ್ತ, ಉಸಿರು ಸಿಕ್ಕಿಕೊಂಡವನಂತೆ ಕಣ್ಣು ಮೇಲೆ ಮಾಡಿ, ಮೇಜಿನ ಅಂಚು ಹಿಡಿದು ಹಿಂದಕ್ಕೆ ವಾಲಿದ. ಬೆಕಿಮ್ ಕಣ್ಣೊರೆಸಿಕೊಳ್ಳುತ್ತ ಕೈ ಎತ್ತಿದ, ಕೆಂಪು ದೀಪ ಹತ್ತಿತು, ಇಲ್ಮಿ ಕೈಗೆ ಸಿಕ್ಕ ಹಾಳೆ ಎತ್ತಿಕೊಂಡ. ಮಂಗಳವಾರ ಮಂಗಳವಾರ ಹೊಸ ಹಾಳೆ ಬರುತ್ತದೆ, ಬುಧವಾರದಿಂದ ಒಂದು ವಾರಕ್ಕೆ. ಹಳೆಯದನ್ನು ಯಾರೂ ಎಸೆಯುವುದಿಲ್ಲ, ಹಿಂಭಾಗದಲ್ಲಿ ಚೀಟಿ ಬರೆಯಲು ಬರುತ್ತದೆಂದು. ಎರಡಕ್ಕೂ ಒಂದೇ ಬಣ್ಣ, ಒಂದೇ ಮುದ್ರೆ. ನಗು ಅಡಗಿಸಿಕೊಂಡಿದ್ದರಿಂದ ಅವತ್ತು ದನಿ ಬಹಳ ಗಂಭೀರವಾಗಿ ಬಂತು. ಬುಧವಾರ ಎರಡನೇ ಗುಂಪಿಗೆ ಹತ್ತರಿಂದ ಎರಡರವರೆಗೆ ವಿದ್ಯುತ್ ಇರುವುದಿಲ್ಲ, ಮೂರನೇ ಗುಂಪಿಗೆ ಇರುತ್ತದೆ ಎಂದು ತಿಳಿಸಲಾಗಿದೆ. ಅದು ಹೋದ ಬುಧವಾರದ ಪಟ್ಟಿ. ಈ ಬುಧವಾರ ತಿರುಗುಮುರುಗು.

ಮರುದಿನ ಮಧ್ಯಾಹ್ನ ಬೆಕಿಮ್ ಎರಡು ಹಾಳೆಗಳನ್ನು ಪಕ್ಕಪಕ್ಕ ಹಿಡಿದು ನಿಂತಿದ್ದ. ಇಲ್ಮಿ ಹಾಲ್ವೊರ್ಸೆನ್‌ರ ಕೋಣೆಗೆ ಹೋಗಿ ತಿದ್ದುಪಡಿ ಓದಲೇ ಎಂದು ಕೇಳಿದ. ಅವರು ಗಡಿಯಾರ ನೋಡಿದರು. "ಎರಡು ಗಂಟೆ ದಾಟಿತಲ್ಲ. ಕಳೆದುಹೋದ ಹೊತ್ತನ್ನ ತಿದ್ದೋಕೆ ಹೋದ್ರೆ ಜನಕ್ಕೆ ಗೊಂದಲ. ಪತ್ರಿಕೆಗಳಿಗೆ ಸರಿಯಾದ್ದೇ ಹೋಗಿದೆ. ಯಾರಿಗೂ ತೊಂದರೆ ಆಗಿಲ್ಲ ತಾನೆ?" ಇಲ್ಮಿ ಇಲ್ಲ ಎಂದ. ಆಗ ಅವನಿಗೆ ಗೊತ್ತಿರಲಿಲ್ಲ. ಊರಿನಲ್ಲಿ ಕೆಲವರು ಕರೆಂಟಿಗೆ ಎರಡು ಬೈದು ಸುಮ್ಮನಾಗಿದ್ದರು. ಅದು ಮಾತು ತಪ್ಪುವುದು ಹೊಸದಲ್ಲ. ಗೊತ್ತಿರಲಿಲ್ಲ ಎಂಬ ಆ ಒಂದು ಸತ್ಯವನ್ನು, ತಾಹಿರಜ್ಜ ಹೋದ ಸುದ್ದಿ ಬಂದ ಗುರುವಾರದಿಂದ ಅವನು ಒದ್ದೆ ಕೈಯಲ್ಲಿ ಸೋಪು ಹಿಡಿದ ಹಾಗೆ ಹಿಡಿದುಕೊಂಡಿದ್ದ, ಬಿಗಿ ಮಾಡಿದಷ್ಟೂ ಜಾರುತ್ತಿತ್ತು.

ಓಣಿಯ ನಡುವೆ ನಿಂತ. ಎಡಕ್ಕೆ ತಾಹಿರಜ್ಜನ ಮನೆ, ಬಲಕ್ಕೆ ರೆಜೆಪ್‌ನದು, ನಡುವೆ ಹನ್ನೊಂದು ಹೆಜ್ಜೆ. ಎಡದ್ದು ಎರಡನೇ ಗುಂಪು, ಬಲದ್ದು ಮೂರನೇ ಗುಂಪು. ಇಲ್ಲಿ ಹೋದಾಗ ಅಲ್ಲಿ ಇರುತ್ತದೆ. ಸ್ವಿಟ್ಜರ್ಲೆಂಡಿನ ಕಿರಿಮಗ ಅಪ್ಪನಿಗೆ ಉಸಿರಿನ ಯಂತ್ರ ಕಳಿಸಿದ್ದ, ಕರೆಂಟಿದ್ದರೆ ಗೊರಗೊರ ಅನ್ನುತ್ತ ಮೂಗಿಗೆ ಗಾಳಿ ಕೊಡುವಂಥದ್ದು. ಊರಿನ ಎಲ್ಲ ಓಣಿಗಳಲ್ಲೂ ಇದ್ದ ಮನೆಯಿಂದ ಇಲ್ಲದ ಮನೆಗೆ ವೈರು ಎಳೆದಿದ್ದರು, ಬಟ್ಟೆ ಒಣಹಾಕಬಹುದಿತ್ತು, ಅಷ್ಟು. ಅಜ್ಜ ಒಪ್ಪಲಿಲ್ಲ. ಮೂವತ್ತು ವರ್ಷ ವಿದ್ಯುತ್ ಸ್ಥಾವರದಲ್ಲಿ ಫೋರ್‌ಮನ್ ಆಗಿದ್ದವನು. "ವೈರು ಎಳೆದ್ರೆ ಕಳ್ಳತನ. ಅವರ ಮನೇಲಿ ಹೋಗಿ ಕೂತ್ರೆ ನಾನು ಅತಿಥಿ. ಅತಿಥಿ ಎಷ್ಟು ಉಸಿರಾಡಿದ ಅಂತ ಎಣಿಸೋ ಮನೆ ನಮ್ಮಲ್ಲಿ ಯಾವುದಿದೆ?" ಹಾಗಾಗಿ ಹಿರಿಮಗ ಶಾಬಾನ್ ಮತ್ತು ರೆಜೆಪ್ ಅವನನ್ನು ಕುರ್ಚಿಯ ಸಮೇತ ಹೊತ್ತು ಆಚೆ ಮನೆಗೆ, ಮತ್ತೆ ಈಚೆ ಮನೆಗೆ, ಹಿಂದೆ ಕಿರಿಸೊಸೆ ವ್ಯೋಸಾ ಯಂತ್ರವನ್ನು ಕೂಸಿನಂತೆ ಅಪ್ಪಿಕೊಂಡು. ಅಜ್ಜ ಬಿಳಿ ಟೊಪ್ಪಿ ಸರಿಮಾಡಿಕೊಂಡು ದಿಬ್ಬಣದ ಗಾಡಿಯಲ್ಲಿ ಕೂತವನಂತೆ ಎರಡೂ ಬದಿಗೆ ಕೈ ಬೀಸುತ್ತಿದ್ದ. ಇಲ್ಮಿ ಎದುರಾದರೆ, "ಕರೆಂಟು... ಮಾಡಿದೋರು ನಾವು. ಓದೋನು... ನೀನು. ಸಂಬಳ ಯಾರಿಗೋ... ಜಾಸ್ತಿ?" ನಡುನಡುವೆ ಉಸಿರಿಗಾಗಿ ನಿಂತು. ಇಲ್ಮಿಗೆ ಆ ದನಿಯೂ ಬರುತ್ತಿತ್ತು. ಬೆಕಿಮ್‌ಗೆ ಒಮ್ಮೆ ಮಾಡಿ ತೋರಿಸಿದ್ದ. ಈಗ ಅದು ಗಂಟಲಿನಲ್ಲಿ ಹಾಗೇ ನೇತಾಡುತ್ತಿತ್ತು, ಯಾರೋ ಬಿಟ್ಟುಹೋದ ಕೋಟಿನಂತೆ.

ಮಹಡಿಯ ಗಂಡಸರ ಕೋಣೆಯಲ್ಲಿ ಗೋಡೆಗುಂಟ ಹಾಸಿದ ಮೆತ್ತೆಗಳ ಮೇಲೆ ಇಪ್ಪತ್ತು ಜನರಿರಬಹುದು. ಇವನು ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಎದೆಗೆ ಕೈಯಿಟ್ಟು ಅರ್ಧ ಎದ್ದರು. "ನಿಮ್ಮ ತಲೆ ಗಟ್ಟಿಯಾಗಿರಲಿ," ಎಂದ. ಬಂದದ್ದು ಸೋದರಮಾವನ ದನಿ. "ನಿಮ್ಮದೂ ಗಟ್ಟಿಯಾಗಿರಲಿ, ಇಲ್ಮಿಯವರೆ. ಬನ್ನಿ," ಎಂದು ಶಾಬಾನ್ ಪಕ್ಕದಲ್ಲೇ ಜಾಗ ಮಾಡಿದ. ಮೂರು ದಿನದಿಂದ ಗಡ್ಡ ಬೋಳಿಸಿರಲಿಲ್ಲ, ಕಣ್ಣು ಕೆಂಪಗಿತ್ತು. "ಗಂಟಲಿಗೇನಾಯ್ತು?" ಎಂದ ಎದುರಿಗಿದ್ದ ರೆಜೆಪ್. "ಚಳಿ," ಎಂದ ಇಲ್ಮಿ, ಇನ್ನೂ ಮಾವನಂತೆ. "ನೋಡ್ರಪ್ಪ, ರೇಡಿಯೋಗೇ ನೆಗಡಿ." ಒಂದೆರಡು ಮೀಸೆ ಅಲುಗಿದವು, ಮತ್ತೆ ಸುಮ್ಮನಾದವು. ಇಂಥ ಮನೆಯಲ್ಲಿ ಬಂದವನು ಒಂದು ಕಾಫಿ ಕುಡಿಯುತ್ತಾನೆ, ತಟ್ಟೆಯಿಂದ ಒಂದು ಸಿಗರೇಟು ಎತ್ತುತ್ತಾನೆ, ಮುಂದೆ ಬರುವವರಿಗೆ ಜಾಗ ಬಿಟ್ಟು ಏಳುತ್ತಾನೆ. ಕಾಫಿ ಬಂತು. ಪುಟ್ಟ ಲೋಟದಲ್ಲಿ ನಾಲ್ಕು ಗುಟುಕು. ನಾಲ್ಕು ಗುಟುಕು ಕಳೆದರೆ ಎದ್ದು ಹೋಗಬಹುದು, ಎಂದು ಲೆಕ್ಕ ಹಾಕಿದ. ಹಾಕಿದ್ದಕ್ಕೆ ಕಿವಿ ಬಿಸಿಯಾಯಿತು.

ಇಲ್ಮಿಗಿಂತ ಸ್ವಲ್ಪ ಮೊದಲು ಹಳ್ಳಿಯಿಂದ ಬಂದಿದ್ದ ದಪ್ಪ ಕೋಟಿನ ಮುದುಕರೊಬ್ಬರು, ಹೇಗಾಯ್ತಪ್ಪ ಎಂದು ಕೇಳಿದರು. ಶಾಬಾನ್ ಹೇಳತೊಡಗಿದ. ಮೂರು ದಿನದಲ್ಲಿ ನೂರು ಸಲ ಹೇಳಿ ಕಥೆಯ ಮೂಲೆಗಳೆಲ್ಲ ಸವೆದಿದ್ದವು. "ಬುಧವಾರ ಹತ್ತಕ್ಕೆ ನಮ್ಮನೇಲಿ ಹೋಗತ್ತೆ ಅಂತ ವ್ಯೋಸಾ ಹೇಳಿದ್ಳು. ರೇಡಿಯೋ ಕೇಳೋ ಕೆಲಸ ಅವಳದು. ಕಾಲು ಗಂಟೆ ಮುಂಚೆ ಎತ್ಕೊಂಡು ರೆಜೆಪ್ ಮನೆಗೆ ಹೋದ್ವಿ. ಹತ್ತಾಯ್ತು, ಅಲ್ಲಿ ಹೋಯ್ತು. ವಾಪಸ್ ಕರ್ಕೊಂಡು ಹೋಗೋಣ ಅಂದೆ. ಅಪ್ಪ ಬೇಡ ಅಂದ್ರು. 'ನಮ್ಮ ಹುಡುಗ ಓದಿದಾನೆ, ಬರತ್ತೆ. ಪಟ್ಟಿ ಅಂದ್ರೆ ಪಟ್ಟಿ,' ಅಂತ ಕೈ ಅಡ್ಡ ಇಟ್ರು. ಅರ್ಧ ಗಂಟೆ ಕಾದ್ವಿ. ಆಮೇಲೆ ರೆಜೆಪ್ ಹೆಂಡತಿ ಕಿಟಕಿಯಿಂದ ನೋಡ್ತಾರೆ, ನಮ್ಮನೇಲಿ ದೀಪ ಉರೀತಿದೆ. ಎತ್ಕೊಂಡು ಓಡಿದ್ವಿ. ಅಷ್ಟೊತ್ತಿಗೆ ತುಟಿ ಬಣ್ಣ ಹೋಗಿತ್ತು. ರಾತ್ರಿ ಕಳೀತು, ಬೆಳಗ್ಗೆ ಇರ್ಲಿಲ್ಲ." ಅವನು ಲೋಟವನ್ನು ತಟ್ಟೆಯ ಮೇಲೆ ಒಂದು ಸುತ್ತು ತಿರುಗಿಸಿದ. "ರೆಜೆಪ್ ಪತ್ರಿಕೆ ತಂದು ತೋರಿಸಿದ. ಅದರಲ್ಲಿ ಸರಿಯಾಗೇ ಇತ್ತು. ಹುಡುಗಿ ಕೇಳಿಸಿಕೊಂಡಿದ್ದು ತಪ್ಪು. ಏನ್ ಮಾಡೋದು, ಚಿಕ್ಕೋಳು." ದಪ್ಪ ಕೋಟಿನವರು ನಿಟ್ಟುಸಿರು ಬಿಟ್ಟರು. "ಹೆಂಗಸರದು ಒಂದು ಕಿವಿ ಒಲೆ ಮೇಲೆ, ಒಂದು ಕಿವಿ ಬೀದಿ ಮೇಲೆ. ರೇಡಿಯೋಗೆ ಮೂರನೇ ಕಿವಿ ಎಲ್ಲಿಂದ ತರ್ತಾರೆ?"

ನಮ್ಮ ಹುಡುಗ. ಇಲ್ಮಿಯ ಕೈಯಲ್ಲಿ ಲೋಟ ಒಂದು ಗುಟುಕಿಗೆ ಬಂದು ನಿಂತಿತ್ತು. ಆ ಅರ್ಧ ಗಂಟೆ ರೆಜೆಪ್‌ನ ಕತ್ತಲೆ ಕೋಣೆಯಲ್ಲಿ ಅಜ್ಜನನ್ನು ಕೂರಿಸಿ ಕಾಯಿಸಿದ್ದು ಕರೆಂಟಲ್ಲ, ಆಡಳಿತವಲ್ಲ, ತಾನು ಹೇಳಿದ್ದು ಎನ್ನುವ ಒಂದೇ ನಂಬಿಕೆ. ಅಷ್ಟು ಗಂಭೀರವಾದ ದನಿ ಸುಳ್ಳು ಹೇಳೀತೇ ಎಂದು ಮೂವತ್ತು ವರ್ಷದ ಫೋರ್‌ಮನ್ ಲೆಕ್ಕ ಹಾಕಿರಬೇಕು. ಶಾಬಾನ್ ಇತ್ತ ತಿರುಗಿದ. "ಓದಿದೋರೇ ಇಲ್ಲಿದ್ದಾರಲ್ಲ. ಹೇಳಿ ಇಲ್ಮಿಯವರೆ. ಮಂಗಳವಾರ ನೀವು ಸರಿಯಾಗೇ ಓದಿದ್ರಿ ತಾನೆ?" ಕೇಳಿದ್ದು ಅನುಮಾನದಿಂದಲ್ಲ, ಗೌರವದಿಂದ; ಅತಿಥಿಯನ್ನು ಮಾತಿಗೆ ಎಳೆಯುವುದು ಅಲ್ಲಿನ ಮರ್ಯಾದೆ. ಇಲ್ಮಿ ಬಾಯಿ ತೆರೆದ. ಏನು ಹೇಳಬೇಕೆಂದು ತೀರ್ಮಾನಿಸುವ ಮೊದಲೇ ಉಸಿರು ತಾನಾಗಿ ಒಳಕ್ಕೆ ಹೋಯಿತು. ಹ್ಹಾಂ. ಹಾಲ್ವೊರ್ಸೆನ್‌ರ ಹೌದು, ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ. "ನೋಡಿ ಮತ್ತೆ," ಎಂದು ಶಾಬಾನ್ ಮುದುಕರಿಗೆ ಹೇಳಿ ಸಿಗರೇಟಿನ ತಟ್ಟೆ ಮುಂದೆ ಸರಿಸಿದ.

ಅಷ್ಟರಲ್ಲಿ ಬಾಗಿಲಲ್ಲಿ ಲೋಟಗಳ ಸದ್ದಾಯಿತು. ಹೆಂಗಸರು ಕಾಫಿಯ ತಟ್ಟೆಯನ್ನು ಹೊಸಿಲಿನವರೆಗೆ ತಂದಿಡುತ್ತಾರೆ, ಒಳಗೆ ಹಂಚುವುದು ಮನೆಯ ಗಂಡಸು. ತಟ್ಟೆ ಇಟ್ಟ ಕೈಗಳು ಹೋದವು. ಬೂದು ಉಣ್ಣೆಯ ಕಾಲುಚೀಲದ ಪಾದಗಳು ಹೋಗಲಿಲ್ಲ. ಮುಚ್ಚಿಕೊಂಡ ಬಾಗಿಲಿನ ಕೆಳಗಿನ ಸಂದಿಯಲ್ಲಿ ಅವು ಒಂದರ ಪಕ್ಕ ಒಂದು ನಿಂತಿದ್ದವು, ತರಗತಿಯ ಹೊರಗೆ ನಿಲ್ಲಿಸಿದವರ ಹಾಗೆ. ಬೇರೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಇಲ್ಮಿ ಗಂಟಲಿನಲ್ಲಿ ಮಾವನನ್ನು ಹುಡುಕಿದ, ಇಮಾಮರನ್ನು ಹುಡುಕಿದ, ಯಾರೂ ಬರಲಿಲ್ಲ. ಉಳಿದದ್ದು ಸಂಜೆ ಆರರ ದನಿಯೊಂದೇ.

"ಈಗ ಹೌದು ಅಂದಿದ್ದು ಸುಳ್ಳು, ಶಾಬಾನಣ್ಣ," ಎಂದ. ಇಪ್ಪತ್ತು ತಲೆಗಳು ಎದ್ದವು. ಆ ದನಿಗೆ ತಲೆ ಎತ್ತಿ ಅವರಿಗೆ ಅಭ್ಯಾಸವಿತ್ತು. "ಆಕೆ ಸರಿಯಾಗೇ ಕೇಳಿಸ್ಕೊಂಡಿದ್ದಾರೆ. ನಾನು ಓದಿದ್ದು ಹೋದ ವಾರದ ಹಾಳೆ. ಎರಡನೇ ಗುಂಪಿಗೆ ಹತ್ತರಿಂದ ಎರಡರವರೆಗೆ ಇಲ್ಲ ಅಂತಲೇ ಓದಿದೆ."

ಯಾರೋ ಕೆಮ್ಮಿದರು. ದಪ್ಪ ಕೋಟಿನ ಮುದುಕರು ಒಳ್ಳೆಯ ಮನಸ್ಸಿನಿಂದಲೇ, "ಆ ಪರದೇಶದೋರು ಕೊಟ್ಟ ಹಾಳೆಯೇ ತಪ್ಪಿರ್ಬೇಕು ಬಿಡಪ್ಪ. ನೀನೇನು ಮಾಡ್ತೀಯ, ಕೊಟ್ಟಿದ್ದು ಓದ್ತೀಯ," ಎಂದರು. ತಪ್ಪಿಸಿಕೊಳ್ಳಲು ಮುದುಕರು ತೆರೆದುಕೊಟ್ಟ ಬಾಗಿಲದು; ಇಲ್ಮಿ ಅದರಲ್ಲಿ ಹೋಗಲಿಲ್ಲ. "ಕೊಟ್ಟಿದ್ದು ಸರಿಯಾಗಿತ್ತು, ಅಜ್ಜ. ಎರಡೂ ಮೇಜಿನ ಮೇಲಿದ್ವು. ಓದೋಕೆ ಮುಂಚೆ ಒಬ್ಬರನ್ನ ಅಣಕಿಸಿ ನಗಿಸ್ತಾ ಇದ್ದೆ. ನೋಡದೆ ಎತ್ಕೊಂಡೆ. ಬುಧವಾರ ಮಧ್ಯಾಹ್ನವೇ ಗೊತ್ತಾಯ್ತು."

ಶಾಬಾನ್ ಸಿಗರೇಟಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಮನೆಯ ಚಾವಣಿಯ ಕೆಳಗಿರುವ ಅತಿಥಿಗೆ ಕೈ ಎತ್ತುವ ಹಾಗಿಲ್ಲ, ಮಾತೂ ಎತ್ತುವ ಹಾಗಿಲ್ಲ; ಅದು ಅವನಿಗೂ ಗೊತ್ತು, ಇಲ್ಮಿಗೂ ಗೊತ್ತು, ಅದಕ್ಕೇ ತಾನು ಹೇಳಲು ಈ ಚಾವಣಿಯನ್ನೇ ಆರಿಸಿಕೊಂಡೆನೇ ಎಂಬ ಸಂದೇಹ ಇಲ್ಮಿಯನ್ನು ತಣ್ಣಗೆ ಮುಟ್ಟಿತು. "ಕಾಫಿ ಆರತ್ತೆ," ಎಂದ ಶಾಬಾನ್. "ಕುಡಿದು ಹೊರಡು." ಬಹುವಚನ ಹೋಗಿತ್ತು. ಇಲ್ಮಿ ಆ ಕೊನೆಯ ಗುಟುಕನ್ನು ಗಸಿಯ ಸಮೇತ ನುಂಗಿದ. ಎದ್ದಾಗ ಅರ್ಧ ಜನ ಅರ್ಧ ಎದ್ದರು, ಉಳಿದವರು ಕೂತೇ ಎದೆಗೆ ಕೈಯಿಟ್ಟರು. ಬಾಗಿಲ ಹೊರಗೆ ಪಾದಗಳು ಇರಲಿಲ್ಲ.

ಕೆಳಗೆ ಮೆಟ್ಟಿಲ ಬುಡದಲ್ಲಿ ಬೂಟುಗಳ ಸಾಲು. ಬಂದವರು ಹೊರಡುವಾಗ ಸುಲಭವಾಗಿ ಕಾಲು ತೂರಿಸಲೆಂದು ಮನೆಯ ಸೊಸೆ ಅವನ್ನು ಮೂತಿ ಹೊರಗೆ ಮಾಡಿ ಇಡುವುದು ವಾಡಿಕೆ. ಎಲ್ಲವೂ ಅಂಗಳ ನೋಡುತ್ತಿದ್ದವು, ಇವನದೊಂದೇ ಜೊತೆ ಮೆಟ್ಟಿಲು ನೋಡುತ್ತಿತ್ತು. ವ್ಯೋಸಾ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ, ಕೈ ಚಳಿಗೆ ಕೆಂಪಾಗಿತ್ತು.

"ಎಲ್ಲರದ್ದೂ ತಿರುಗಿಸಿದೀನಿ. ನಿಮ್ಮದನ್ನೂ ತಿರುಗಿಸಿದ್ದೆ," ಎಂದಳು, ತಲೆ ಎತ್ತದೆ. "ಆಮೇಲೆ ಮೇಲೆ ಬಂದಾಗ ನೀವು ಹೌದು ಅಂದಿದ್ದು ಕೇಳಿಸ್ತು, ಬುಧವಾರ ಗೊತ್ತಾಯ್ತು ಅಂದಿದ್ದೂ ಕೇಳಿಸ್ತು. ಇಳಿದು ಬಂದು ವಾಪಸ್ ಇಟ್ಟೆ. ಇವತ್ತು ಶನಿವಾರ."

"ಹೌದು," ಎಂದ ಇಲ್ಮಿ. ಈ ಬಾರಿ ಉಸಿರು ಹೊರಗೇ ಹೋಯಿತು. ಬಗ್ಗಿ ಬೂಟು ತಿರುಗಿಸಿಕೊಂಡ. ಬಗ್ಗಿದ್ದಾಗಲೇ ಕೇಳಿತು:

"ಮೂರು ದಿನದಿಂದ ಐದೂರಿನ ಹೆಂಗಸರು ಬಂದು ಹೋದರು. ನನ್ನ ಮುಂದೇನೇ, ಪಾಪ, ಕಿವಿ ಸ್ವಲ್ಪ ಮಂದ ಅಂತೆ, ಅಂದ್ಕೊಂಡು ಹೋದರು. ನಿನ್ನೆ ನಮ್ಮಮ್ಮ ಬಂದಿದ್ರು. ಭಾವನ ಕೈ ಹಿಡ್ಕೊಂಡು, ನನ್ನ ಮಗಳದು ತಪ್ಪಾಯ್ತು, ಹೊಟ್ಟೆಗೆ ಹಾಕ್ಕೊಳ್ಳಿ ಅಂದರು. ನಾನು ಸರಿಯಾಗೇ ಕೇಳಿದೀನಿ ಅಂತ ಅಮ್ಮನಿಗೆ ಹೇಳಿದೆ. ನಂಬಲಿಲ್ಲ. ಕೊನೆಕೊನೆಗೆ ನನಗೇ ನಂಬಿಕೆ ಹೋಯ್ತು. ಮೇಲಿನ ಇಪ್ಪತ್ತು ಗಂಡಸರಿಗೆ ಗೊತ್ತಾದ್ರೆ ಅವರಿಗೆಲ್ಲ ಗೊತ್ತಾಗತ್ತಾ?"

ಗೊತ್ತಾಗುವುದಿಲ್ಲ. ಗಂಡಸರು ಇದನ್ನು ಕಾಫಿಯ ಜೊತೆ ನುಂಗಿ ಹೋಗುತ್ತಾರೆ, ಸತ್ತವನ ಮನೆಯ ಮಾತು ಸತ್ತವನ ಮನೆಯಲ್ಲಿ. "ರೇಡಿಯೋದಲ್ಲಿ ಹೇಳ್ತೀನಿ," ಎಂದ. ಹೇಳಿದ ಮೇಲೆ ಅದರ ಅರ್ಥ ಒಂದೊಂದಾಗಿ ಬರತೊಡಗಿತು: ಹಾಲ್ವೊರ್ಸೆನ್‌ರನ್ನು ಕೇಳಿದರೆ ಬೇಡ ಅನ್ನುತ್ತಾರೆ, ಕೇಳದೆ ಹೇಳಿದರೆ ಮರುದಿನದಿಂದ ಬೇರೆ ಯಾರೋ ಓದುತ್ತಾರೆ. ಬ್ರೆಡ್ಡಿನ ಸಾಲಿನಲ್ಲಿ ಯಾವ ದನಿ ಮಾಡಿದರೂ ನಗು ಬರಲಾರದು. ಆದರೂ ಎದೆಯೊಳಗೆ ಏನೋ ಸಡಿಲವಾಗಿತ್ತು. "ನಾನೇ ಓದಿದ್ದು, ತಪ್ಪಾಗಿ ಓದಿದೆ, ತಾಹಿರ್ ಅವರ ಸೊಸೆ ಕೇಳಿಸಿಕೊಂಡಿದ್ದು ಸರಿ. ನನ್ನ ಹೆಸರೂ ಹೇಳ್ತೀನಿ. ಇವತ್ತೇ, ಆರಕ್ಕೆ."

"ನಮ್ಮಮ್ಮ ಬ್ರಾದಾಶ್‌ನಲ್ಲಿರೋದು," ಎಂದಳು ವ್ಯೋಸಾ. "ಅವರ ರೇಡಿಯೋ ಗೋಡೆಗೆ ಚುಚ್ಚೋದು, ಸೆಲ್ಲಿಂದಲ್ಲ."

"ಅಲ್ಲಿ ಆರಕ್ಕೆ ಕರೆಂಟಿರತ್ತಾ?"

ಅವಳು ಮೊದಲ ಸಲ ಅವನ ಮುಖ ನೋಡಿದಳು. "ಅದನ್ನ ನೀವಲ್ವಾ ಹೇಳ್ಬೇಕು."

ಇಲ್ಮಿ ಕೋಟಿನ ಒಳಜೇಬಿನಿಂದ ಹಾಳೆ ತೆಗೆದು ಬಿಡಿಸಿದ. ಬ್ರಾದಾಶ್ ಒಂದನೇ ಗುಂಪು. ಇವತ್ತು ನಾಲ್ಕರಿಂದ ಎಂಟರವರೆಗೆ ಇಲ್ಲ. ನಾಳೆ ಆ ಹೊತ್ತಿಗೆ ಇದೆ. "ಇವತ್ತಿಲ್ಲ. ನಾಳೆ ಆರಕ್ಕಿರತ್ತೆ. ನಾಳೆ ಹೇಳ್ತೀನಿ," ಎಂದ. ನಾಳೆ ಅಂದರೆ ಇನ್ನೊಂದು ಇಡೀ ದಿನ. ಅಷ್ಟರಲ್ಲಿ ತನ್ನ ಮನಸ್ಸು ಬದಲಾದೀತೇ ಎಂದು ಅವನು ತನ್ನನ್ನೇ ಕಳ್ಳನನ್ನು ನೋಡಿದ ಹಾಗೆ ನೋಡಿಕೊಂಡ.

"ಆ ಹಾಳೆ ಯಾವ ವಾರದ್ದು?" ಎಂದಳು ವ್ಯೋಸಾ.

ಅವನು ಓದಿ ಹೇಳಲಿಲ್ಲ. ಹಾಳೆಯನ್ನು ಅವಳ ಕಡೆಗೆ ಚಾಚಿದ. ಅವಳು ನಲ್ಲಿ ನಿಲ್ಲಿಸಿ, ಕೈಯನ್ನು ಲಂಗಕ್ಕೆ ಎರಡೂ ಬದಿ ಒರೆಸಿಕೊಂಡು, ಹಾಳೆ ತೆಗೆದುಕೊಂಡು, ಮೇಲಿನ ಮೂಲೆಯ ತಾರೀಖಿನಿಂದ ಶುರುಮಾಡಿ, ಬೆರಳಿಟ್ಟು, ಒಂದೊಂದೇ ಸಾಲನ್ನು ಗಟ್ಟಿಯಾಗಿ ಓದತೊಡಗಿದಳು. ಇಲ್ಮಿ ಕೇಳಿಸಿಕೊಳ್ಳುತ್ತ ನಿಂತ.